ಕಲೊಲೈನೆ ಅತ್ತೆಯ ತೂಕ

ಆಕ್ಲೆಂಡಿನ ನಮ್ಮ ಆಸ್ಪತ್ರೆಯಲ್ಲಿ ಒಂದು ಪಟ್ಟಿ ಇತ್ತು. ವರ್ಷದಲ್ಲಿ ಅತಿ ಹೆಚ್ಚು ಸಲ ಎಮರ್ಜೆನ್ಸಿಗೆ ಬಂದ ಇಪ್ಪತ್ತು ಜನರ ಪಟ್ಟಿ. ಅದರಲ್ಲಿ ಮೊದಲ ಹೆಸರು ಕಲೊಲೈನೆ ಅತ್ತೆಯದು. ನಲವತ್ತಮೂರು ಸಲ. ಅವರ ಹೆಸರಿಗೆ ನಾಲಿಗೆ ಹೊರಳದ ಡಾಕ್ಟರುಗಳು ಅವರನ್ನು 'ನಂಬರ್ ಒನ್' ಎಂದೇ ಕರೆಯುತ್ತಿದ್ದರು. ಆಂಬ್ಯುಲೆನ್ಸ್ ಬಾಗಿಲು ತೆರೆದರೆ ಸಾಕು, "ಬಂದ್ರಪ್ಪಾ ನಂಬರ್ ಒನ್, ಅವರ ಮಾಮೂಲಿ ಜಾಗ ಖಾಲಿ ಮಾಡಿ" ಎಂದು ಯಾರಾದರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇದು ನಾನು ತಲೆಯೆತ್ತಿ ಹೇಳುವ ಕಥೆಯಲ್ಲ.

ಅತ್ತೆ ಎಂದರೆ ರಕ್ತಸಂಬಂಧವೇನಲ್ಲ. ಟೋಂಗಾ ದ್ವೀಪದಲ್ಲಿ ನಮ್ಮಪ್ಪ ಹುಟ್ಟಿದ ಊರಿನವರು, ಅಪ್ಪನಿಗೆ ಅಕ್ಕನ ವರಸೆ. ನಮ್ಮ ಜನರಲ್ಲಿ ಅಪ್ಪನ ಅಕ್ಕತಂಗಿಯರಿಗಿಂತ ದೊಡ್ಡವರಿಲ್ಲ. ಅವರ ಮುಂದೆ ನಾವು ನಿಂತು ಮಾತಾಡುವುದಿಲ್ಲ, ನೆಲದ ಮೇಲೆ ಕೂತು ಮಾತಾಡುತ್ತೇವೆ. ಆದರೆ ಆಸ್ಪತ್ರೆಯಲ್ಲಿ ಅವರು ಮಲಗಿರುತ್ತಿದ್ದರು, ನಾನು ಕುತ್ತಿಗೆಗೆ ಗುರುತುಚೀಟಿ ನೇತುಹಾಕಿಕೊಂಡು ನಿಂತಿರುತ್ತಿದ್ದೆ. ಹನ್ನೊಂದು ವರ್ಷ ನರ್ಸಾಗಿ ಓಡಾಡಿದ ಮೇಲೆ ಆ ಮಾರ್ಚ್ ತಿಂಗಳಲ್ಲಿ ನನಗೆ ಹೊಸ ಕೆಲಸ ಸಿಕ್ಕಿತ್ತು. ಪಟ್ಟಿಯಲ್ಲಿದ್ದ ಇಪ್ಪತ್ತು ಜನರಿಗೆ ಒಬ್ಬೊಬ್ಬರಿಗೂ ಒಂದೊಂದು ಆರೈಕೆಯ ಪ್ಲಾನ್ ಬರೆಯುವುದು, ಅವರು ಎಮರ್ಜೆನ್ಸಿಗೆ ಓಡಿ ಬರುವುದನ್ನು ಕಡಿಮೆ ಮಾಡುವುದು. ನನ್ನದೇ ಮೇಜು, ಅದರ ಮೇಲೆ ನನ್ನ ಹೆಸರಿನ ಫಲಕ: ಮೆಲೆನೈಟೆ. ದಿನಕ್ಕೆರಡು ಸಲ ಅದರ ಧೂಳು ಒರೆಸುತ್ತಿದ್ದೆ. ಧೂಳು ಕೂರುವಷ್ಟು ಹೊತ್ತೂ ಆಗಿರುತ್ತಿರಲಿಲ್ಲ.

ಅತ್ತೆಯ ಕಾಯಿಲೆ ಸರಳ. ಹೃದಯ ಸೋತಿತ್ತು, ಮೈಯಲ್ಲಿ ನೀರು ನಿಲ್ಲುತ್ತಿತ್ತು. ಮೊದಲು ಪಾದ ಬಾಯುತ್ತಿತ್ತು, ಆಮೇಲೆ ಮೀನಖಂಡ, ಆಮೇಲೆ ಉಸಿರೇ ಕಟ್ಟುತ್ತಿತ್ತು. ದಿನವೂ ತೂಕ ನೋಡಿಕೊಂಡರೆ ನೀರು ತುಂಬುವುದು ಎರಡು ದಿನ ಮೊದಲೇ ಗೊತ್ತಾಗುತ್ತದೆ. ಆಗ ನೀರಿಳಿಸುವ ಮಾತ್ರೆ ಒಂದು ಹೆಚ್ಚು ನುಂಗಿದರೆ ಆಂಬ್ಯುಲೆನ್ಸ್ ಬೇಕಾಗುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಅತ್ತೆಯ ಕಣ್ಣು ಮಂಜಾಗಿತ್ತು, ಹತ್ತಿ ನಿಲ್ಲುವ ತಕ್ಕಡಿಯ ಅಂಕಿ ಕಾಣುತ್ತಿರಲಿಲ್ಲ. ಯಾರಾದರೂ ಜೊತೆಗೆ ನಿಂತು ನೋಡಬೇಕಿತ್ತು.

ಮನೆಯಲ್ಲಿ ಇದ್ದದ್ದು ಒಬ್ಬರೇ, ಅವರ ತಮ್ಮ ಸೆಮಿಸಿ. ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಹಿತ್ತಲಿನ ಗ್ಯಾರೇಜಿನಲ್ಲಿ ವಾಸ. ಚರ್ಚಿನಲ್ಲಿ ಉಪದೇಶ ಮಾಡುವವರು. ಅಡುಗೆ ಅವರೇ ಮಾಡಿ, ತಟ್ಟೆ ಮುಚ್ಚಿ ಅಕ್ಕನ ಬಾಗಿಲ ಹೊರಗೆ ಇಟ್ಟು, ಒಂದು ಸಲ ಕೆಮ್ಮಿ ಹೋಗುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ. ನಮ್ಮಲ್ಲಿ ಹಾಗೆಯೇ. ಮೀಸೆ ಮೂಡಿದ ದಿನದಿಂದ ಗಂಡುಮಕ್ಕಳು ಅಕ್ಕತಂಗಿಯರ ಕೋಣೆಗೆ ಹೋಗುವುದಿಲ್ಲ, ಜೊತೆಯಲ್ಲಿ ಕೂತು ಟಿ.ವಿ. ನೋಡುವುದಿಲ್ಲ, ಅವರ ಮೈ ಬಗ್ಗೆ, ನೋವಿನ ಬಗ್ಗೆ ಬಾಯಿ ಬಿಡುವುದಿಲ್ಲ. ಅದು ಜಗಳವಲ್ಲ, ಗೌರವ. ನನ್ನ ಅಣ್ಣನೂ ನಾನೂ ಆಕ್ಲೆಂಡಿನಲ್ಲೇ ಹುಟ್ಟಿದವರು, ಆದರೂ ನಾನು ಹೆತ್ತಾಗ ಅವನು ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಕೂತು ಹೂಗುಚ್ಛ ಕಳಿಸಿದ, ಒಳಗೆ ಬರಲಿಲ್ಲ. ಅಂದರೆ ನನಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಪ್ಲಾನಿನ ಸಭೆಯ ದಿನ ಅತ್ತೆ ಹೂವಿನ ಚಿತ್ತಾರದ ಉಡುಪು ತೊಟ್ಟು ಬಂದರು. ಸೆಮಿಸಿ ಚಿಕ್ಕಪ್ಪ ನಮ್ಮಲ್ಲಿ ಗೌರವಕ್ಕೆ ಉಡುವ ಹಾಗೆ ಸೊಂಟಕ್ಕೆ ಚಾಪೆ ಸುತ್ತಿ, ಹಗ್ಗ ಬಿಗಿದು, ರಾಜನ ಮುಂದೆ ಹೋಗುವವರ ಹಾಗೆ ಸಿದ್ಧವಾಗಿ ಬಂದು ಹೊರಗಿನ ಮೊಗಸಾಲೆಯಲ್ಲೇ ಕುರ್ಚಿ ಹಿಡಿದರು. ನಮ್ಮ ಮೇಲಧಿಕಾರಿ ಹೆದರ್ ಒಳ್ಳೆಯ ಹೆಂಗಸು, ಬಾಗಿಲಲ್ಲಿ ಇಣುಕಿ ನೋಡಿ, "ಪಾಪ, ನಾಚ್ಕೋತಿದಾರೆ. ಒಳಗೆ ಕರೀರಿ" ಎಂದಳು.

ನಾನು ಹೋಗಿ ಕರೆದೆ.

"ಇಲ್ಲೇ ಇರ್ತೀನಿ ಮಗಳೇ. ಇಲ್ಲಿಂದ್ಲೇ ಕೇಳ್ಸುತ್ತೆ" ಎಂದರು.

"ಬನ್ನಿ ಚಿಕ್ಕಪ್ಪ, ಎಲ್ರೂ ಕಾಯ್ತಿದಾರೆ. ಎರಡು ನಿಮಿಷದ ಕೆಲ್ಸ."

ಕೈಹಿಡಿದು ಕರೆತಂದು ಅಕ್ಕನ ಪಕ್ಕದ ಕುರ್ಚಿಯಲ್ಲೇ ಕೂರಿಸಿದೆ. ಅವರು ಗೋಡೆಯ ಕಡೆಗೆ ತಿರುಗಿ, ಬೆಂಕಿ ಬಿದ್ದರೆ ಎಲ್ಲಿಂದ ಓಡಬೇಕೆಂದು ಬರೆದಿದ್ದ ಕಾಗದವನ್ನು ಓದತೊಡಗಿದರು. ಡಾಕ್ಟರು ಅತ್ತೆಯ ಉಡುಪಿನ ಅಂಚನ್ನು ಮೇಲೆತ್ತಿ ಕಾಲನ್ನು ಹೆಬ್ಬೆರಳಿನಿಂದ ಒತ್ತಿ, "ಹೀಗೆ ಗುಳಿ ಬಿದ್ರೆ ನೀರು ಅಂತ ಅರ್ಥ. ನೀವೂ ಒಮ್ಮೆ ಒತ್ತಿ ನೋಡಿ" ಎಂದರು. ಚಿಕ್ಕಪ್ಪ ಕಾಗದದಿಂದ ಕಣ್ಣು ತೆಗೆಯದೆ, "ಗೊತ್ತಾಯ್ತು, ಗೊತ್ತಾಯ್ತು, ತುಂಬಾ ಚೆನ್ನಾಗಿ ಗೊತ್ತಾಯ್ತು" ಎಂದರು. ಅತ್ತೆ ಉಡುಪನ್ನು ಎಳೆದುಕೊಂಡು ಕಾಲು ಮುಚ್ಚಿದರು.

ಹೆದರ್ ಬುದ್ಧಿವಂತೆ. ಏನೋ ಸರಿಯಿಲ್ಲ ಅನ್ನಿಸಿರಬೇಕು. ಎಲ್ಲರ ಮುಂದೆ ನನ್ನನ್ನೇ ಕೇಳಿದಳು: "ನೈಟೆ, ನಿಮ್ಮಲ್ಲಿ ಪದ್ಧತಿ, ಸಂಪ್ರದಾಯ ಅಂತ ಏನಾದ್ರೂ ಇದ್ಯಾ, ನಾವು ತಿಳ್ಕೋಬೇಕಾದ್ದು? ಇದ್ರೆ ದಿನಾ ಮನೆಗೆ ನರ್ಸ್ ಕಳ್ಸೋಕೆ ಕೇಳೋಣ."

ಒಂದೇ ಒಂದು ಮಾತು ಸಾಕಿತ್ತು. ಆದರೆ ನನಗೆ ಮೈ ಉರಿಯಿತು. ಹನ್ನೊಂದು ವರ್ಷ ಅದೇ ಪ್ರಶ್ನೆ. ಟೋಂಗಾದ ಕುಟುಂಬ ಮೊಗಸಾಲೆ ತುಂಬಾ ನಿಂತು ಪ್ರಾರ್ಥನೆ ಮಾಡಿದರೆ ನೈಟೆಯನ್ನು ಕರೀರಿ. ಯಾರಾದರೂ ಗಟ್ಟಿಯಾಗಿ ಅತ್ತರೆ ನೈಟೆಯನ್ನು ಕರೀರಿ. ಕ್ರಿಸ್ಮಸ್‌ಗೆ ಹಾಡಲು ನೈಟೆ. ಈಗ ಮೇಜು ಸಿಕ್ಕಿದೆ, ಫಲಕ ಸಿಕ್ಕಿದೆ, ಇನ್ನೂ ನಾನು ದ್ವೀಪದ ಹುಡುಗಿಯೇ? ಅಷ್ಟು ಜನ ಡಾಕ್ಟರುಗಳ ಎದುರು, "ತಮ್ಮ ಅಕ್ಕನ ಕಾಲು ನೋಡೋ ಹಾಗಿಲ್ಲ" ಎಂದು ಹೇಳಿ, ಅವರು ತಲೆ ವಾಲಿಸಿ "ಓ, ಎಷ್ಟು ಸೊಗಸು" ಅನ್ನುವುದನ್ನು ಕೇಳಬೇಕೆ?

"ಹಾಗೇನೂ ಇಲ್ಲ. ಇದು ಆಕ್ಲೆಂಡು. ಅವರಿಬ್ರೂ ತಿಳಿದೋರು, ತಮ್ಮ ನೋಡ್ಕೋತಾರೆ" ಎಂದೆ.

ಅತ್ತೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ನನ್ನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಎಲ್ಲರ ಕಡೆಗೂ ನಗುತ್ತಾ ತಲೆಯಾಡಿಸಿ, "ಆಗ್ಲಿ, ಆಗ್ಲಿ" ಎಂದರು. ನಮ್ಮವರು ದೊಡ್ಡ ಜಾಗದಲ್ಲಿ ಯಾರ ಮಾತನ್ನೂ ತೆಗೆದುಹಾಕುವುದಿಲ್ಲ. ಅದೂ ನನಗೆ ಗೊತ್ತಿತ್ತು. ಚಿಕ್ಕಪ್ಪನ ಕೈಗೆ ಹೊಸ ತಕ್ಕಡಿ, ಒಂದು ಪುಸ್ತಕ, ಒಂದು ಪೆನ್ನು ಕೊಟ್ಟೆ. ದಿನಾ ಬೆಳಿಗ್ಗೆ ತೂಕ ಬರೆಯುವುದು. ಎರಡು ಕಿಲೊ ಏರಿದರೆ ಮಾತ್ರೆ ಒಂದು ಹೆಚ್ಚು. ಪ್ರತಿ ಸೋಮವಾರ ಆಸ್ಪತ್ರೆಯಿಂದ ಫೋನ್ ಬರುತ್ತದೆ, ಅಂಕಿ ಓದಿ ಹೇಳುವುದು. ಅವರು ತಕ್ಕಡಿಯನ್ನು ಎರಡೂ ಕೈಯಲ್ಲಿ ಬೈಬಲ್ ಹಿಡಿದ ಹಾಗೆ ಹಿಡಿದುಕೊಂಡು ಹೋದರು.

ಪ್ಲಾನ್ ಗೆದ್ದಿತು. ಅಬ್ಬಾ, ಹೇಗೆ ಗೆದ್ದಿತು! ಏಪ್ರಿಲ್‌ನಲ್ಲಿ ಅತ್ತೆ ಒಂದು ಸಲವೂ ಬರಲಿಲ್ಲ. ಮೇ ತಿಂಗಳಲ್ಲಿ ಒಂದು ಸಲ, ಅದೂ ಇಪ್ಪತ್ತೇ ನಿಮಿಷದಲ್ಲಿ ಮನೆಗೆ ವಾಪಸ್. ಜೂನ್‌ನಲ್ಲಿ ಸೊನ್ನೆ. ತೂಕವಂತೂ ನಿಂತ ನೀರು: ನೂರ ನಾಲ್ಕು, ನೂರ ನಾಲ್ಕೂವರೆ, ನೂರ ನಾಲ್ಕು. ಸಭೆಯ ದಿನ ಆಸ್ಪತ್ರೆಯಲ್ಲಿ ನೋಡಿದಾಗ ಅತ್ತೆ ನೂರ ಆರಿದ್ದರು, ಎರಡು ಕಿಲೊ ಇಳಿದಿದೆ ಎಂದು ಡಾಕ್ಟರು ನನ್ನ ಬೆನ್ನು ತಟ್ಟಿದರು. ಜುಲೈ ಮೊದಲ ವಾರ ದೊಡ್ಡ ಸಭಾಂಗಣದಲ್ಲಿ ನನ್ನನ್ನು ನಿಲ್ಲಿಸಿದರು. ಪರದೆಯ ಮೇಲೆ ಒಂದು ಗೆರೆ ಎತ್ತರದಿಂದ ಜಾರಿ ನೆಲ ಕಚ್ಚುವುದನ್ನು ತೋರಿಸಿದೆ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಉಬ್ಬಿಹೋದೆ. ಹೆದರ್ ಬಳಿಗೆ ಬಂದು, "ಮುಂದಿನ ತಿಂಗಳು ವೆಲಿಂಗ್ಟನ್‌ನ ದೊಡ್ಡ ಸಭೆಯಲ್ಲೂ ಇದನ್ನೇ ಹೇಳ್ಬೇಕು ನೀನು. ಆ ತಮ್ಮ ಬರ್ದಿರೋ ಪುಸ್ತಕ ಇದ್ರೆ ಚೆನ್ನಾಗಿರುತ್ತೆ, ಎಲ್ರಿಗೂ ತೋರಿಸ್ಬಹುದು" ಎಂದಳು.

ಹಾಗಾಗಿ ನಾನು ಅತ್ತೆಯ ಮನೆಗೆ ಹೋದೆ. ಮೂರು ತಿಂಗಳಲ್ಲಿ ಮೊದಲ ಸಲ. ಅವರನ್ನು ನೋಡಲು ಹೋಗಲಿಲ್ಲ, ಪುಸ್ತಕ ತರಲು ಹೋದೆ.

ಶನಿವಾರ ಮಧ್ಯಾಹ್ನ. ಚಿಕ್ಕಪ್ಪ ಹಿತ್ತಲಲ್ಲಿ ಗೆಣಸಿನ ಸಿಪ್ಪೆ ಹೆರೆಯುತ್ತಿದ್ದರು. ಪುಸ್ತಕ ಕೇಳಿದ್ದೇ ತಡ, ಮುಖ ಅರಳಿತು. ಗ್ಯಾರೇಜಿಗೆ ಕರೆದುಕೊಂಡು ಹೋದರು. ಹಾಸಿಗೆಯ ಪಕ್ಕದಲ್ಲಿ ತಕ್ಕಡಿ, ಅದರ ಮೇಲೆ ಮಡಿಸಿದ ಟವೆಲ್. ಪುಸ್ತಕದಲ್ಲಿ ಒಂದು ದಿನವೂ ತಪ್ಪಿಲ್ಲ, ದುಂಡಗಿನ ಅಕ್ಷರ.

"ತಕ್ಕಡಿ ಇಲ್ಯಾಕಿದೆ ಚಿಕ್ಕಪ್ಪ? ಅತ್ತೆ ದಿನಾ ಇಲ್ಲಿಗೆ ಬರ್ತಾರಾ?"

ಅವರು ಬೆಚ್ಚಿ ನನ್ನನ್ನು ನೋಡಿದರು. "ಛೆ ಛೆ. ನಮ್ಮಕ್ಕ ಗ್ಯಾರೇಜಿಗೆ ಬರೋದುಂಟಾ?"

"ಮತ್ತೆ ತೂಕ?"

"ನಾನೇ ನಿಂತ್ಕೋತೀನಿ." ತಕ್ಕಡಿಯ ಮೇಲಿನ ಟವೆಲ್ ಸರಿಪಡಿಸಿದರು. "ದಿನಾ ಬೆಳಿಗ್ಗೆ ತೂಕ ಬರೀರಿ ಅಂದ್ರಿ. ಅವಳ್ನ ನಿಲ್ಸಿ ನೋಡೋದು ನನ್ನಿಂದ ಆಗೋ ಮಾತಾ ಮಗಳೇ? ಬರೀದೇ ಇದ್ರೆ ಸೋಮವಾರ ಫೋನ್ ಮಾಡೋ ಹುಡುಗಿ ಬೇಜಾರು ಮಾಡ್ಕೋತಾಳೆ. ಸುಳ್ಳು ಬರೀಬಾರ್ದು ಅಂತ ನನ್ನ ತೂಕಾನೇ ಬರ್ದೆ. ಒಂದು ಅಂಕಿನೂ ಸುಳ್ಳಿಲ್ಲ ನೋಡು."

ನನಗೆ ನಗು ಬಂತು. ನಿಜವಾಗಿ ಬಂತು, ಅದನ್ನೂ ಮುಚ್ಚಿಡುವುದಿಲ್ಲ. ಆಮೇಲೆ ಪುಟ ತಿರುವಿದರೆ ಮೇ ಹದಿನೆಂಟರಂದು ನೂರ ಆರೂವರೆ ಎಂದಿತ್ತು.

"ಇದೇನು?"

"ಅವತ್ತು ಚರ್ಚಲ್ಲಿ ಊಟ ಇತ್ತು. ಹಂದಿ ಸುಟ್ಟಿದ್ರು" ಎಂದು ತಲೆ ಕೆರೆದುಕೊಂಡರು. "ಎರಡು ಕಿಲೊ ಏರಿದ್ರೆ ಮಾತ್ರೆ ಜಾಸ್ತಿ ಅಂದಿದ್ರಲ್ಲ, ತಟ್ಟೆ ಜೊತೆ ಇನ್ನೊಂದು ಮಾತ್ರೆ ಇಟ್ಟೆ."

ತಮ್ಮ ಹಂದಿಮಾಂಸ ತಿಂದದ್ದಕ್ಕೆ ಅಕ್ಕ ಮಾತ್ರೆ ನುಂಗಿದ್ದರು. ಪುಸ್ತಕವನ್ನು ಅಲ್ಲೇ ಹಾಸಿಗೆಯ ಮೇಲೆ ಬಿಟ್ಟು ಮನೆಯೊಳಕ್ಕೆ ಓಡಿದೆ.

ಅತ್ತೆ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ದಿಂಬು, ಅದರ ಮೇಲೆ ಎರಡು ತೋಳು. ಮಲಗಿದರೆ ಉಸಿರು ನಿಲ್ಲುತ್ತದೆಂದು ಮೂರು ವಾರದಿಂದ ಕೂತೇ ನಿದ್ದೆ ಮಾಡುತ್ತಿದ್ದರಂತೆ. ಕಾಲಿಗೆ ಕಂಬಳಿ ಸುತ್ತಿತ್ತು. ಬಿಚ್ಚಿದೆ. ಹೆಬ್ಬೆರಳಿಟ್ಟರೆ ಗೆಣ್ಣಿನವರೆಗೆ ಮುಳುಗಿತು. ಅಲ್ಲೇ ನೆಲದ ಮೇಲೆ ಕುಸಿದು ಕೂತೆ.

"ಯಾಕತ್ತೆ ಬರ್ಲಿಲ್ಲ? ನಲವತ್ಮೂರು ಸಲ ಬಂದೋರು, ಈಗ್ಯಾಕೆ ಬರ್ಲಿಲ್ಲ?"

ಅವರು ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಂಡು ಹೇಳಿದರು. "ನಾನು ಬಂದ್ರೆ... 'ತಮ್ಮ ಸರಿಯಾಗಿ ನೋಡ್ಕೊಳ್ಳಿಲ್ವಾ' ಅಂತ ಅವನ್ನ ಕೇಳ್ತೀರಿ. ಅಷ್ಟು ಜನರ ಮುಂದೆ. ಅವನಿಗೆ ಆ ಕೆಲ್ಸ ಆಗಲ್ಲ ಅಂತ ನಂಗೊತ್ತು. ನಿಂಗೂ ಗೊತ್ತಿತ್ತು."

ಬಿಚ್ಚಿದ ಕಂಬಳಿಯನ್ನು ಮತ್ತೆ ಅವರ ಕಾಲಿಗೆ ಸುತ್ತಿದೆ.

"ಮೇ ತಿಂಗ್ಳಲ್ಲಿ ಒಂದು ಸಲ ಬಂದಿದ್ದೆ" ಎಂದರು. "ಚರ್ಚಿಗೆ ಹೋಗ್ತೀನಿ ಅಂತ ಅವನಿಗೆ ಹೇಳಿ, ಬಸ್ ಹತ್ಕೊಂಡು. ಅಲ್ಲಿದ್ದ ಹುಡ್ಗ ಕಂಪ್ಯೂಟರ್ ನೋಡ್ದ. ಅವನಿಗೆ ಫೋನ್ ಮಾಡಿ ತೂಕ ಕೇಳ್ದ. ಚೆನ್ನಾಗಿದೀರಿ, ಮನೆಗೆ ಹೋಗಿ ಅಂದ."

ಇಪ್ಪತ್ತೇ ನಿಮಿಷದಲ್ಲಿ ವಾಪಸ್. ಪರದೆಯ ಮೇಲೆ ಅದನ್ನು ನಾನು ಕೆಂಪು ಬಣ್ಣದಲ್ಲಿ ಬರೆಸಿದ್ದೆ, ಎಲ್ಲರಿಗೂ ಕಾಣಲಿ ಎಂದು.

ಆಂಬ್ಯುಲೆನ್ಸ್ ಬೇಡವೆಂದು ಹಟ ಹಿಡಿದರು, ಬೀದಿಯವರು ನೋಡುತ್ತಾರೆ, ತಮ್ಮನ ಮುಖ ಎಲ್ಲಿಡಲಿ ಎಂದು. ಆಸ್ಪತ್ರೆ ಹತ್ತು ನಿಮಿಷದ ದಾರಿ. ನನ್ನ ಕಾರಿನಲ್ಲೇ ಕೂರಿಸಿಕೊಂಡು ಹೋದೆ. ಗಾಲಿಕುರ್ಚಿ ತಳ್ಳಿಕೊಂಡು ಎಮರ್ಜೆನ್ಸಿ ಮುಟ್ಟಿದರೆ, ಬಾಗಿಲ ಬಳಿಯ ಮೇಜಿನಲ್ಲಿದ್ದ ಹುಡುಗ ಕಾನರ್ ಪರದೆ ನೋಡಿ ಹುಬ್ಬು ಗಂಟಿಕ್ಕಿದ.

"ನೈಟೆ, ಇವ್ರಿಗೆ ಪ್ಲಾನ್ ಇದೆಯಲ್ಲ? 'ಪದೇ ಪದೇ ಬರುವ ರೋಗಿ. ಮನೆಯಲ್ಲಿ ತಮ್ಮ ನೋಡಿಕೊಳ್ಳುತ್ತಾರೆ. ತೂಕ ಸರಿಯಿದ್ದರೆ ಧೈರ್ಯ ಹೇಳಿ ಮನೆಗೆ ಕಳಿಸಿ.' ಫೋನ್ ಮಾಡ್ಲಾ ಅವ್ರಿಗೆ?"

"ಅದನ್ನ ಬರ್ದೋಳು ನಾನೇ ಕಣೋ. ಮೊದ್ಲು ಬಾಗ್ಲು ತೆಗಿ!"

ಸರದಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಅನ್ನಿಸಿತು. ಅವತ್ತು ಸಂಜೆಯೊಳಗೆ ಅತ್ತೆಗೆ ಮೂಗಿಗೆ ಗಾಳಿ, ಕೈಗೆ ಸೂಜಿ. ಇನ್ನೆರಡು ದಿನ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಮೆಲ್ಲಗೆ ನನಗೊಬ್ಬಳಿಗೇ ಹೇಳಿದರು. ನಾಲ್ಕು ದಿನದಲ್ಲಿ ಹದಿನಾಲ್ಕು ಕಿಲೊ ನೀರು ಇಳಿಯಿತು.

ಆ ನಾಲ್ಕು ದಿನವೂ ನನ್ನ ಪಾಳಿ ಮುಗಿದ ಮೇಲೆ ವಾರ್ಡಿಗೆ ಹೋಗಿ ಹಾಸಿಗೆಯ ಬುಡದಲ್ಲಿ ನೆಲದ ಮೇಲೆ ಕೂತೆ. ಅತ್ತೆಯ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ಮೊದಲ ದಿನ ಅತ್ತೆ ಗೋಡೆಯ ಕಡೆಗೇ ನೋಡುತ್ತಿದ್ದರು. ಎರಡನೆಯ ದಿನ, "ಎಣ್ಣೆ ಸ್ವಲ್ಪ ಜಾಸ್ತಿ ಹಾಕೇ, ಜಿಪುಣಿ" ಎಂದರು. ಮೂರನೆಯ ದಿನ ತಾವೇ ಕಾಲು ಚಾಚಿದರು. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು ಅನ್ನಿಸಿ ಕಣ್ಣು ತುಂಬಿ ಬಂತು.

"ನೋಡೇ" ಎಂದರು ಅವತ್ತು. "ಸೆಮಿಸಿ ಏನು ಬರ್ದ ಅಂತ ಇಲ್ಲಿ ಯಾರ್ಗೂ ಹೇಳ್ಬೇಡ. ನಗ್ತಾರೆ. ನೀನು ತುಂಬಾ ಕೆಲ್ಸ ಇರೋಳು, ಏನೋ ಅವಸರದಲ್ಲಿ ಆಯ್ತು. ನಾನು ಉಪ್ಪು ಜಾಸ್ತಿ ತಿಂದೆ ಅಂತ ಹೇಳ್ತೀನಿ. ಅಲ್ಲಿಗೆ ಮುಗೀತು."

ನಾಲ್ಕನೆಯ ದಿನ ಸಂಜೆ, ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅತ್ತೆಗೆ ನಾನು ಎಣ್ಣೆ ತಿಕ್ಕುತ್ತಿರುವಾಗ, ಹೆದರ್ ಕೈಯಲ್ಲಿ ಕಾಗದ ಹಿಡಿದು ಬಂದಳು. ಹೊಸ ಪ್ಲಾನ್ ಬರೆಯಬೇಕಿತ್ತು. ಸೆಮಿಸಿ ಚಿಕ್ಕಪ್ಪ ವಾರ್ಡಿನ ಬಾಗಿಲ ಹೊರಗೆ ನಿಂತಿದ್ದರು, ಬೆನ್ನು ನಮ್ಮ ಕಡೆಗೆ. ಅತ್ತೆ ಹೇಳಿದ ಹಾಗೆಯೇ ಇಂಗ್ಲಿಷಿನಲ್ಲಿ ಶುರುಮಾಡಿದರು. ಡಬ್ಬಿಯ ಮಾಂಸ ತಿಂದೆ, ಉಪ್ಪು ಜಾಸ್ತಿಯಾಯಿತು, ತಮ್ಮ ಬೇಡವೆಂದರೂ ಕೇಳಲಿಲ್ಲ, ಈ ಹುಡುಗಿಯ ತಪ್ಪು ಏನೂ ಇಲ್ಲ. ಹೆದರ್ ಬರೆದುಕೊಳ್ಳತೊಡಗಿದಳು. ಅವಳ ಪೆನ್ನು ಓಡುವುದನ್ನು ನೋಡುತ್ತಾ ಕೂತೆ. ಇನ್ನೊಂದು ಸುಳ್ಳು ಕಂಪ್ಯೂಟರಿಗೆ ಹೋಗುತ್ತದೆ, ಇನ್ನೊಬ್ಬ ಹುಡುಗ ಅದನ್ನು ಓದಿ ಇವರನ್ನು ಮನೆಗೆ ಕಳಿಸುತ್ತಾನೆ.

"ಉಪ್ಪಲ್ಲ" ಎಂದೆ. "ಬರೀಬೇಡಿ ಹೆದರ್. ತಪ್ಪು ಅವರಿಬ್ಬರದ್ದೂ ಅಲ್ಲ. ನಮ್ಮಲ್ಲಿ ತಮ್ಮ ಅಕ್ಕನ ಮೈ ನೋಡ್ಕೊಳ್ಳೋ ಹಾಗಿಲ್ಲ. ಆಗದೇ ಇರೋ ಕೆಲಸಾನ ನಾನು ಅವರ ತಲೆಗೆ ಕಟ್ಟಿದೆ. ದಿನಾ ಒಬ್ಬ ನರ್ಸ್ ಮನೆಗೆ ಹೋಗ್ಬೇಕು, ಹೆಂಗಸೇ ಆಗ್ಬೇಕು. ವೆಲಿಂಗ್ಟನ್‌ಗೆ ನಾನು ಹೋಗಲ್ಲ."

"ಮಗಳೇ, ಸುಮ್ನಿರು" ಎಂದರು ಅತ್ತೆ ನಮ್ಮ ಭಾಷೆಯಲ್ಲಿ. ನನ್ನ ಭುಜದ ಮೇಲೆ ಕೈಯಿಟ್ಟರು.

ಹೆದರ್ ಪೆನ್ನು ಕೆಳಗಿಟ್ಟಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ನಿನ್ನ ಕೇಳಿದ್ನಲ್ಲ ನೈಟೆ. ಯಾಕೆ ಹೇಳ್ಲಿಲ್ಲ?"

ಮರೆತೆ ಅನ್ನಬಹುದಿತ್ತು. ಅವಸರ ಅನ್ನಬಹುದಿತ್ತು. ಅತ್ತೆ ನನಗಾಗಿ ಆ ಮಾತನ್ನು ಹಿಂದಿನ ದಿನವೇ ಹುಡುಕಿ ಇಟ್ಟಿದ್ದರು. ಆದರೆ ನಿಜ ಹೇಳಲು ಕೂತವಳು ಅರ್ಧಕ್ಕೆ ಎದ್ದು ಹೋಗುವುದು ಹೇಗೆ?

"ನಾಚಿಕೆ ಆಯ್ತು" ಎಂದೆ. "ನಿಮ್ಮೆಲ್ರ ಮುಂದೆ ನಾನೂ ಇವರ ಪೈಕಿನೇ ಅಂತ ಕಾಣ್ಸ್ಕೊಳ್ಳೋಕೆ ನಾಚಿಕೆ ಆಯ್ತು."

ಬಾಗಿಲ ಹೊರಗೆ ಚಿಕ್ಕಪ್ಪನ ಬೆನ್ನು ಅಲುಗಲಿಲ್ಲ, ಆದರೆ ಅವರಿಗೆ ಕೇಳಿಸಿತೆಂದು ನನಗೆ ಗೊತ್ತಾಯಿತು.

ನನ್ನ ಭುಜದ ಮೇಲಿದ್ದ ಕೈಯನ್ನು ಅತ್ತೆ ತೆಗೆದರು. ಎಣ್ಣೆ ಹಚ್ಚಿದ್ದ ಕಾಲುಗಳನ್ನು ಒಂದಾದ ಮೇಲೊಂದು ನನ್ನ ಕೈಯಿಂದ ಬಿಡಿಸಿಕೊಂಡು ಹೊದಿಕೆಯೊಳಗೆ ಎಳೆದುಕೊಂಡರು. ಆಮೇಲೆ ಹಾಸಿಗೆಯ ಪಕ್ಕದ ಗುಂಡಿ ಒತ್ತಿ, ಓಡಿ ಬಂದ ಇನ್ನೊಬ್ಬ ನರ್ಸಿಗೆ ಇಂಗ್ಲಿಷಿನಲ್ಲಿ, "ನನ್ನ ಕಾಲಿಗೆ ಸ್ವಲ್ಪ ಎಣ್ಣೆ ಹಚ್ತೀಯಾ ಮಗಳೇ?" ಎಂದರು.